ಒಂದೇ ದಿನ ನೆಟ್ಟ ಟೊಮೇಟೊ, ಒಂದು ಮೊಣಕಾಲುದ್ದ ಇನ್ನೊಂದು ಗೇಣುದ್ದ

ಪ್ರಶ್ನೆ: ಅಣ್ಣಾ ನಮಸ್ಕಾರ, ನಾವಿರೋದು ಹಾಸನದ ವಿದ್ಯಾನಗರದಲ್ಲಿ. ನವೆಂಬರ್ ಕೊನೇಲಿ ಮನೆ ಹಿಂದೆ ಎರಡು ಸಾಲು ಟೊಮೇಟೊ ನೆಟ್ಟೆ, ಒಟ್ಟು 12 ಗಿಡ. ಬೀಜ ಸಂತೇಲಿ ತಂದ ಒಳ್ಳೆ ಹಣ್ಣಿಂದ ನಾನೇ ತೆಗೆದು ಬೂದಿ ಹಚ್ಚಿ ಒಣಗಿಸಿದ್ದು, ಪೇಪರ್ ಕಪ್ಪಲ್ಲಿ ಸಸಿ ಮಾಡಿದ್ದೆ. ಈಗ ತಿಂಗಳಾಯ್ತು, ಮನೆ ಕಡೆ ಸಾಲಲ್ಲಿ ಕೆಲವು ಮೊಣಕಾಲುದ್ದ ಬಂದಿವೆ ಕೆಲವು ಅದರರ್ಧ, ದಕ್ಷಿಣಕ್ಕಿರೋ ಕಾಂಪೌಂಡ್ ಗೋಡೆ ಪಕ್ಕದ ಸಾಲಲ್ಲಂತೂ ನಾಲ್ಕು ಗಿಡ ನೆಟ್ಟಾಗ ಹೆಂಗಿದ್ವೋ ಹಂಗೇ ಗೇಣುದ್ದಕ್ಕೆ ಕೂತಿವೆ, ಎಲೆ ಹಿಂದೆ ನೇರಳೆ ಬಣ್ಣ ಬಂದಿದೆ. ಪಕ್ಕದ ಮನೆಯವರ ಕೊಟ್ಟಿಗೆ ಗೊಬ್ಬರ ಎಲ್ಲಕ್ಕೂ ಒಂದೇ ಸಮ ಹಾಕಿದೀನಿ, ನೀರು ಚಿಕ್ಕವಕ್ಕೆ ಒಂದು ಚೊಂಬು ಜಾಸ್ತಿನೇ. ನಮ್ಮತ್ತೆ ದೃಷ್ಟಿ ತಾಗಿದೆ ಅಂತ ಹಳೇ ಚಪ್ಪಲಿ ಕಟ್ಟಿದ್ದಾರೆ. ಏನ್ ಮಾಡ್ಲಿ?

ಉತ್ತರ: ಚಪ್ಪಲಿ ಇರ್ಲಿ ಬಿಡಿ ಅಕ್ಕ, ಗಿಡಕ್ಕೇನೂ ತೊಂದ್ರೆ ಇಲ್ಲ, ಅತ್ತೆಗೂ ಸಮಾಧಾನ. ಆ ಜಾಸ್ತಿ ಚೊಂಬು ನೀರು ಮಾತ್ರ ಇವತ್ತಿಂದಾನೇ ನಿಲ್ಸಿ.

ಗಿಡ ಏರುಪೇರಾಗಿದೆ ಅಂದ್ರೆ ನಾನು ಮೊದಲು ನೋಡೋದು ಕುಳ್ಳಗಿರೋವು ಎಲ್ಲೆಲ್ಲಿ ನಿಂತಿವೆ ಅಂತ. ಅಲ್ಲೊಂದು ಇಲ್ಲೊಂದು ಚದುರಿದ್ರೆ ಬೀಜದ್ದೋ ಸಸಿದ್ದೋ ಕಥೆ, ಎಲ್ಲಾ ಒಂದೇ ಕಡೆ ಸೇರ್ಕೊಂಡಿದ್ರೆ ಜಾಗದ ಕಥೆ. ನಿಮ್ಮಲ್ಲಿ ಎರಡೂ ಇದೆ.

ಮನೆ ಕಡೆ ಸಾಲಲ್ಲಿ ಒಂದು ಮೊಣಕಾಲುದ್ದ ಒಂದು ಅರ್ಧ ಅಂದ್ರಲ್ಲ, ಅದು ಬೀಜದ್ದು. ಈಗ ಸಂತೇಲಿ ಸಿಗೋ ಗಟ್ಟಿ ಹಣ್ಣು ಹೆಚ್ಚಿನವು ಹೈಬ್ರಿಡ್, ಎರಡು ಬೇರೆ ತಳಿ ಸೇರಿಸಿ ಮಾಡಿದ್ದು. ಆ ಮೊದಲ ತಲೆಮಾರು ಎಲ್ಲಾ ಅಚ್ಚಲ್ಲಿ ಹೊಯ್ದಂಗೆ ಒಂದೇ ಥರ ಬರುತ್ತೆ, ಅದರ ಹಣ್ಣಿನ ಬೀಜ ಹಾಕಿದ್ರೆ ಒಂದು ಅಜ್ಜನ ಥರ ಒಂದು ಅಜ್ಜಿ ಥರ, ಉದ್ದ ಗಿಡ್ಡ, ಬೇಗ ಬರೋದು ತಡ ಮಾಡೋದು ಎಲ್ಲಾ ಹೊರಗೆ ಬರುತ್ತೆ. ರೋಗ ಅಲ್ಲ, ಹಣ್ಣೂ ಬಿಡುತ್ತೆ, ಹಣ್ಣಿನ ಆಕಾರ ಮಾತ್ರ ಒಂದೊಂದು ಗಿಡದಲ್ಲಿ ಒಂದೊಂದು ಥರ ಇರಬಹುದು. ಮುಂದಿನ ಸಲ ಬೀಜ ಇಟ್ಕೋಬೇಕು ಅಂತಿದ್ರೆ ಅರ್ಕಾ ವಿಕಾಸ್ ಥರದ ಹೈಬ್ರಿಡ್ ಅಲ್ಲದ ತಳಿ ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಚೆನ್ನಾಗಿದೆ, ಎಲೆಮುದುಡು, ಸೊರಗು ರೋಗ, ಮೊದಲು ಬರೋ ಅಂಗಮಾರಿ, ಈ ಮೂರನ್ನೂ ತಡ್ಕೊಳ್ಳುತ್ತೆ, ಆದ್ರೆ ಅದೂ ಹೈಬ್ರಿಡ್ಡೇ, ಬೀಜ ಎತ್ತಿಟ್ರೆ ಮತ್ತೆ ಇದೇ ಪತ್ರ ಬರೀತೀರಿ.

ಇನ್ನು ಗೋಡೆ ಪಕ್ಕದ ನಾಲ್ಕು. ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಐದಡಿ ಗೋಡೆ ಇದ್ರೆ ನಮ್ಮ ಹಾಸನದಲ್ಲಿ ಸುಡು ಮಧ್ಯಾಹ್ನ ಹನ್ನೆರಡಕ್ಕೂ ಅದರ ಬುಡದಲ್ಲಿ ಮೂರೂವರೆ ಅಡಿ ನೆರಳು ಬಿದ್ದಿರುತ್ತೆ. ಟೊಮೇಟೊಗೆ ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೇಕು, ನಿಮ್ಮ ಆ ಸಾಲಿಗೆ ಎರಡು ಗಂಟೆ ಸಿಕ್ರೂ ಹೆಚ್ಚು. ರಾತ್ರಿ ಬೇರೆ 15 ಡಿಗ್ರಿ ಆಸುಪಾಸಿಗೆ ಇಳಿಯೋ ಕಾಲ, ಬಿಸಿಲು ಕಾಣದ ಮಣ್ಣು ಹಗಲಲ್ಲೂ ತಣ್ಣಗಿರುತ್ತೆ, ಅದ್ರಲ್ಲಿ ನೀವು ಪಾಪ ಅಂತ ಇನ್ನೊಂದು ಚೊಂಬು ಸುರೀತಿದೀರಿ. ಮಣ್ಣು ತಣ್ಣಗಿದ್ರೆ ಬೇರು ರಂಜಕ (ಫಾಸ್ಫರಸ್) ಎಳ್ಕೊಳ್ಳಲ್ಲ, ಎಲೆ ಹಿಂದಿನ ನೇರಳೆ ಅದರದ್ದೇ ಗುರುತು. ಇದನ್ನ ನೋಡಿ ಡಿಎಪಿ ಅನ್ನೋ ರಂಜಕದ ಗೊಬ್ಬರ ತಂದು ಸುರಿಯೋರು ಬಹಳ ಜನ, ಮಣ್ಣಲ್ಲಿ ಇರೋದನ್ನೇ ತಗೊಳ್ಳಕ್ಕಾಗದೆ ಕೂತಿರೋ ಗಿಡಕ್ಕೆ ಇನ್ನಷ್ಟು ಬಡಿಸಿ ಏನ್ ಪ್ರಯೋಜನ.

ಆದ್ರೂ ನೆರಳೇ ಅಂತ ಕೂತಲ್ಲೇ ಹೇಳಿ ಮುಗಿಸಲ್ಲ. ನಾಲ್ಕರಲ್ಲಿ ತೀರಾ ಬಡಕಲು ಯಾವುದೋ ಅದನ್ನ ಬಲಿ ಕೊಡಿ. ಕೈಯಲ್ಲಿ ಕೀಳಬೇಡಿ, ಸುತ್ತ ಸಣ್ಣ ಗುದ್ದಲಿ ಹಾಕಿ ಹೆಂಟೆ ಸಮೇತ ಎತ್ತಿ ಬಕೆಟ್ ನೀರಲ್ಲಿ ಅದ್ದಿ ಮಣ್ಣು ಬಿಡಿಸಿ ನೋಡಿ. ಹೋದ ವರ್ಷ ನಾನು ಹಿಂಗೇ ಒಂದು ಕಿತ್ತೆ, ಮಣ್ಣೆಲ್ಲ ಕರಗಿದ ಮೇಲೂ ಬೇರು ಟೀ ಲೋಟದ ಆಕಾರಕ್ಕೇ ನಿಂತಿತ್ತು, ಸುತ್ತಿ ಸುತ್ತಿ ಸಿಂಬೆ ಥರ! ಮಳೆ ನಿಲ್ಲಲಿ ನಿಲ್ಲಲಿ ಅಂತ ಸಸೀನ ಕಪ್ಪಲ್ಲೇ ಒಂದೂವರೆ ತಿಂಗಳು ಬಿಟ್ಟಿದ್ದೆ, 25-30 ದಿನಕ್ಕೆ ನೆಡಬೇಕಿತ್ತು, ನನ್ನದೇ ತಪ್ಪು. ನಿಮ್ಮದು ಪೇಪರ್ ಕಪ್, ಕಪ್ ಸಮೇತ ಹೂತಿದ್ರೆ ಅದೂ ಇನ್ನೂ ಕರಗದೆ ಒಳಗೇ ಇರಬಹುದು, ಒಳಗೆ ಪ್ಲಾಸ್ಟಿಕ್ ಪದರ ಇರುತ್ತೆ ಅದಕ್ಕೆ. ಬೇರಲ್ಲಿ ಮಣಿ ಪೋಣಿಸಿದಂಗೆ ಗಂಟು ಗಂಟು ಕಂಡ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ನೆಮಟೋಡ್ ಹುಳ (ಹುರುಳಿಕಾಯಿ ಬೇರಲ್ಲೂ ಗಂಟು ಇರುತ್ತಲ್ಲ, ಅದು ಬೆರಳಲ್ಲಿ ಉಜ್ಜಿದ್ರೆ ಉದುರುತ್ತೆ, ಒಳ್ಳೇದು ಅದು, ಇದು ಬೇರು ತಾನೇ ಊದಿರೋದು, ಉದುರಲ್ಲ). ಹಂಗಿದ್ರೆ ಆ ಜಾಗಕ್ಕೆ ಬದನೆ, ಮೆಣಸಿನಕಾಯಿ, ಟೊಮೇಟೊ ಯಾವುದೂ ಸದ್ಯಕ್ಕೆ ಬೇಡ, ಚೆಂಡುಹೂವು ಹಾಕಿ, ಬೇವಿನ ಹಿಂಡಿ ಕೊಡಿ. ಬೇರು ಅನ್ನೋದೇ ಇಲ್ಲ, ಯಾರೋ ಕಚ್ಚಿ ತಿಂದಂಗಿದೆ ಅಂದ್ರೆ ಕೊಟ್ಟಿಗೆ ಗೊಬ್ಬರದ ಜೊತೆ ಗೊಣ್ಣೆ ಹುಳ ಬಂದಿದೆ, ಬುಡ ಕೆದಕಿದ್ರೆ ಬೆಳ್ಳಗೆ ಸುರುಳಿ ಸುತ್ಕೊಂಡು ಮಲಗಿರುತ್ತೆ. ಬೇರು ಬೆಳ್ಳಗೆ ಶುದ್ಧವಾಗಿದೆ ಅಂದ್ರೆ ಖುಷಿಪಡಿ, ನೆರಳು ಚಳಿ ಬಿಟ್ರೆ ಬೇರೇನಿಲ್ಲ.

ಉಳಿದ ಮೂರನ್ನ ಸಂಜೆ ಹೊತ್ತು ಹೆಂಟೆ ಸಮೇತ ಎತ್ತಿ ಮನೆ ಕಡೆ ಬಿಸಿಲಿಗೆ ತನ್ನಿ, ಕೆಳಗಿನ ಎರಡು ಎಲೆ ಚಿವುಟಿ ಕಾಂಡ ಅಲ್ಲೀವರೆಗೂ ಹೂತುಬಿಡಿ, ಟೊಮೇಟೊ ಕಾಂಡದಿಂದಾನೇ ಹೊಸ ಬೇರು ಬಿಡುತ್ತೆ. ನೀರು ಬೆಳಗ್ಗೆ ಹೊತ್ತು ಕೊಡಿ. ಹದಿನೈದು ದಿನ ಗೊಬ್ಬರದ ಸುದ್ದಿಗೆ ಹೋಗಬೇಡಿ. ಗೋಡೆ ಬುಡಕ್ಕೆ ಪುದೀನ ಹಾಕಿ, ಅದಕ್ಕೆ ಆ ಜಾಗ ಸಾಕು.

ಪ್ರಶ್ನೆ: ಮೂಡಿಗೆರೆ ಹತ್ರ ನಮ್ಮೂರು. ತೋಟದ ಕಪ್ಪು ಮಣ್ಣು ಒಳ್ಳೇದು ಅಂತ ಕಾಫಿ ಗಿಡದ ಬುಡದಿಂದ ತಂದು ಆರು ಕುಂಡ ತುಂಬಿದೆ, ಎರಡು ಕುಂಡಕ್ಕೆ ಮಾತ್ರ ಮನೆ ಮುಂದಿನ ಮಣ್ಣು. ಆ ಎರಡರಲ್ಲಿ ಟೊಮೇಟೊ ಜೋರಾಗಿದೆ, ತೋಟದ ಮಣ್ಣಿಂದು ಮೇಲೇಳ್ತಾನೇ ಇಲ್ಲ, ಉಲ್ಟಾ ಆಯ್ತಲ್ಲ ಸಾರ್?

ಉತ್ತರ: ಉಲ್ಟಾ ಏನಿಲ್ಲ. ನಮ್ಮ ಮಲೆನಾಡಿನ ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದುಹೋಗಿ ಹುಳಿ ಆಗಿರುತ್ತೆ, ಅದಕ್ಕೇ ತೋಟದವರು ಕಾಫಿಗೂ ಸುಣ್ಣ ಹಾಕೋದು. ಟೊಮೇಟೊಗೆ ಮಣ್ಣಿನ ಹುಳಿ ಅಳೆಯೋ ಪಿಎಚ್ 6ರಿಂದ 7ರ ಒಳಗಿರಬೇಕು. ನೀವು ಎರಡು ಕುಂಡಕ್ಕೆ ಬೇರೆ ಮಣ್ಣು ಹಾಕಿದ್ದು ಒಳ್ಳೇದಾಯ್ತು, ಇಲ್ದಿದ್ರೆ ಬೀಜ ಮಾರಿದವನಿಗೆ ಬೈತಿದ್ರಿ. ಎರಡೂ ಮಣ್ಣು ಬೇರೆ ಬೇರೆ ಕವರಲ್ಲಿ ಹಾಕ್ಕೊಂಡು ಮೂಡಿಗೆರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ, ಟೆಸ್ಟ್ ಆದ್ಮೇಲೆ ಅವರು ಹೇಳಿದಷ್ಟೇ ಕೃಷಿ ಸುಣ್ಣ ಬೆರೆಸಿ, ಅಂದಾಜಲ್ಲಿ ಬೊಗಸೆಗಟ್ಲೆ ಸುರೀಬೇಡಿ, ಎಲೆ ಅಡಿಕೆ ಸುಣ್ಣವಂತೂ ಬೇಡವೇ ಬೇಡ. ಅಲ್ಲೀವರೆಗೆ ಕುಳ್ಳ ಗಿಡಗಳನ್ನ ಮನೆ ಮುಂದಿನ ಮಣ್ಣಿಗೇ ದಾಟಿಸಿ.