ಎಲ್ಲಾ ಬಗೆಯ ಸಂಗೀತಕ್ಕೂ ಒಂದೇ ಹೆಡ್‌ಫೋನ್ ಸಾಕಾ?

ನಿಮ್ಮ ಪ್ರಶ್ನೆ ಓದಿದೆ. ಬೆಳಗ್ಗೆ ಆಲಾಪನೆ, ಕೆಲಸದ ಹೊತ್ತಿಗೆ ಎಲೆಕ್ಟ್ರಾನಿಕ್, ರಾತ್ರಿ ಮೆಟಲ್, ಮಧ್ಯೆ ಹಳೆಯ ಸಿನಿಮಾ ಹಾಡು. ದುಡ್ಡು ಮಾತ್ರ ಒಂದೇ ಹೆಡ್‌ಫೋನಿಗೆ ಆಗುವಷ್ಟಿದೆ, ಅದೂ ದುಬಾರಿಯದಕ್ಕೆ ಸಾಲದು. ಒಂದೊಂದು ಬಗೆಯ ಸಂಗೀತಕ್ಕೆ ಒಂದೊಂದು ಹೆಡ್‌ಫೋನ್ ಬೇಕು ಅಂತ ಯಾರೋ ಹೇಳಿದ್ದಾರೆ, ಅದು ನಿಜವಾ ಅಂತ ಕೇಳಿದ್ದೀರಿ.

ನಿಜ ಅಲ್ಲ, ಒಂದೇ ಸಾಕು. ಆದರೆ ಆ ಒಂದನ್ನು "ಬಾಸ್ (ತಗ್ಗಿನ, ಗುಂಯ್‌ಗುಡುವ ಶಬ್ದ) ಸೂಪರ್", "ರಾಕ್‌ಗೆ ಬೆಸ್ಟ್" ಅನ್ನುವ ಮಾತು ಕೇಳಿ ಆರಿಸಬೇಡಿ. ಯಾವುದರಲ್ಲಿ ಹಾಡುವವರ ದನಿ ಎದುರಿಗೆ ಕೂತು ಹಾಡಿದ ಹಾಗೆ ಕೇಳುತ್ತದೋ ಅದನ್ನು ತೊಗೊಳ್ಳಿ. ನಾವು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿರುವುದು ಮನುಷ್ಯರ ದನಿಯನ್ನೇ ಅಲ್ವಾ? ಗಿಟಾರ್ ಶಬ್ದ ಸ್ವಲ್ಪ ಆಚೀಚೆ ಆದರೆ ಗೊತ್ತಾಗದೇ ಇರಬಹುದು, ದನಿ ಆಚೀಚೆ ಆದರೆ ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಕಾರಣವೂ ಇದೆ. ಸ್ವರ ಎಷ್ಟು ಮೇಲಿದೆ ಅನ್ನುವುದನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ, ಪಿಯಾನೋದ ಕೊನೆಯ ಮನೆಯ ಸ್ವರವೇ ಸುಮಾರು 4186 ಹರ್ಟ್ಜ್. ಅಂದರೆ ಹೆಚ್ಚಿನ ವಾದ್ಯಗಳ ಮೂಲ ಸ್ವರಗಳು ಅದಕ್ಕಿಂತ ಕೆಳಗೇ ಇರುತ್ತವೆ, ಹಾಡುವವರ ದನಿಯೂ ಅಲ್ಲೇ ಇರುತ್ತದೆ. ಈ ನಡುವಿನ ಭಾಗ ಸರಿಯಾಗಿದ್ದರೆ ಯಾವ ಬಗೆಯ ಸಂಗೀತವೂ ಪೂರ್ತಿ ಕೆಡುವುದಿಲ್ಲ.

ಇದು ನನಗೆ ಮೊದಲ ಹೆಡ್‌ಫೋನಿನಲ್ಲೇ ಗೊತ್ತಾಯಿತು. ಅದರ ಬಾಸ್ ಜೋರಾಗಿತ್ತು, ಡ್ರಮ್ ಏಟು ಬಿದ್ದಾಗಲೆಲ್ಲ ಕಿವಿಯ ಸುತ್ತ ಗಾಳಿ ಅಲುಗಿದ ಹಾಗಾಗುತ್ತಿತ್ತು, ಎರಡು ವಾರ ಖುಷಿಯಾಗಿದ್ದೆ. ಆಮೇಲೆ ಒಂದು ದಿನ ಸಂಗೀತ ಕಚೇರಿಯ ರೆಕಾರ್ಡಿಂಗ್ ಹಾಕಿದೆ, ಒಬ್ಬ ಗಾಯಕಿ, ಪಿಟೀಲು, ಮೃದಂಗ, ಅಷ್ಟೇ. ಮೃದಂಗದ ಎಡಗಡೆಯ ಗುಂಕಾರ ಉಬ್ಬಿಕೊಂಡು ಬಂದು ಆಕೆಯ ದನಿಯನ್ನೇ ಮುಚ್ಚಿಬಿಟ್ಟಿತು. ಕಂಬಳಿ ಹೊದ್ದುಕೊಂಡು ಒಳಗಿಂದ ಹಾಡಿದ ಹಾಗೆ. ಅದೇ ರೆಕಾರ್ಡಿಂಗನ್ನು ಗೆಳೆಯನ ಹೆಡ್‌ಫೋನಿನಲ್ಲಿ ಕೇಳಿದಾಗ, ಪ್ರತಿ ಸಾಲಿಗೂ ಮುಂಚೆ ಆಕೆ ಉಸಿರು ಎಳೆದುಕೊಳ್ಳುವುದು ಕೇಳಿತು. ಆ ಉಸಿರು ರೆಕಾರ್ಡಿಂಗಿನಲ್ಲಿ ಮೊದಲಿನಿಂದಲೂ ಇತ್ತು, ನನ್ನ ಹೆಡ್‌ಫೋನ್ ಅದನ್ನು ತೋರಿಸಿರಲಿಲ್ಲ.

ಹಾಗಾದರೆ ಎಲೆಕ್ಟ್ರಾನಿಕ್‌ಗೆ ಬಾಸ್ ಬೇಡವಾ ಅಂತ ಕೇಳುತ್ತೀರಿ. ಬೇಕು, ಖಂಡಿತ ಬೇಕು. ಅದಕ್ಕೇ ಫೋನಿನಲ್ಲಿ ಈಕ್ವಲೈಸರ್ ಇರುವುದು, ಅಂದರೆ ಶಬ್ದದ ಒಂದೊಂದು ಭಾಗವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್. ತುಂಬಾ ಜನ ಅದನ್ನು ತೆರೆದೇ ನೋಡಿರುವುದಿಲ್ಲ, ನನಗೆ ಬೇಜಾರಾಗುವುದು ಇದೇ. 100 ಹರ್ಟ್ಜ್‌ನ ಕೆಳಗಿನದನ್ನು ಒಂದು 4 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ಏರಿಸಿ. ಏರಿಸಿದಷ್ಟೇ ಒಟ್ಟು ಮಟ್ಟವನ್ನು, ಅಂದರೆ ಪ್ರೀಆಂಪ್ ಅಂತ ಬರೆದಿರುವ ಪಟ್ಟಿಯನ್ನು, 4 ಡೆಸಿಬೆಲ್ ಇಳಿಸಿ. ಇಳಿಸದಿದ್ದರೆ ಜೋರಾದ ಕಡೆ ಶಬ್ದ ಒಡೆಯುತ್ತದೆ, ಆಗ ಹೆಡ್‌ಫೋನೇ ಸರಿಯಿಲ್ಲ ಅಂದುಕೊಳ್ಳುತ್ತೀರಿ. ಇದನ್ನು ಒಂದು ಹೆಸರು ಕೊಟ್ಟು ಸೇವ್ ಮಾಡಿಟ್ಟುಕೊಳ್ಳಿ, ಆಲಾಪನೆ ಕೇಳುವಾಗ ಆಫ್ ಮಾಡಿ. ಎರಡು ಹೆಡ್‌ಫೋನ್ ಇದ್ದ ಹಾಗೇ ಆಯಿತು. ಸಾದಾ ಸಮ ಶಬ್ದದ ಹೆಡ್‌ಫೋನಿಗೆ ಬಾಸ್ ಸೇರಿಸುವುದು ಸುಲಭ. ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ಹಳ್ಳ ಬಿದ್ದ ಹಾಗಿರುವ ಹೆಡ್‌ಫೋನನ್ನು ಈಕ್ವಲೈಸರ್‌ನಿಂದ ಸರಿ ಮಾಡುವುದು ಕಷ್ಟ.

ಇನ್ನು ಎಲ್ಲಿ ಕೂತು ಕೇಳುತ್ತೀರಿ ಅನ್ನುವುದು. ಓಪನ್ ಬ್ಯಾಕ್ ಅಂದರೆ ಕಪ್ಪಿನ ಹಿಂಬದಿ ಜಾಲರಿಯ ಹಾಗೆ ತೆರೆದಿರುತ್ತದೆ. ಶಬ್ದ ಹಗುರಾಗಿ, ತಲೆಯ ಆಚೆಗೆ ಹರಡಿದ ಹಾಗೆ ಕೇಳುತ್ತದೆ, ಸಂಗೀತ ಕಚೇರಿಯ ರೆಕಾರ್ಡಿಂಗ್‌ಗಳಿಗೆ ತುಂಬಾ ಚೆನ್ನ. ಆದರೆ ನಿಮ್ಮ ಹಾಡು ಪಕ್ಕದವರಿಗೂ ಕೇಳುತ್ತದೆ, ಪಕ್ಕದ ಮಾತು ನಿಮಗೂ ಕೇಳುತ್ತದೆ. ಒಬ್ಬರೇ, ನಿಶ್ಶಬ್ದವಾದ ಕೋಣೆಯಲ್ಲಿ ಕೇಳುವುದಾದರೆ ಓಪನ್. ಬಸ್ಸು, ಆಫೀಸು, ಜನ ಇರುವ ಮನೆ ಅಂದರೆ ಯೋಚನೆ ಮಾಡದೆ ಕ್ಲೋಸ್ಡ್, ಅಂದರೆ ಕಪ್ಪಿನ ಹಿಂಬದಿ ಮುಚ್ಚಿರುವುದು. ನೀವು ಕೆಲಸದ ಹೊತ್ತಿಗೂ ಕೇಳುತ್ತೀನಿ ಅಂದಿದ್ದೀರಿ, ಹಾಗಾಗಿ ನಿಮಗೆ ಕ್ಲೋಸ್ಡೇ ಸರಿ ಅಂತ ನನಗನ್ನಿಸುತ್ತದೆ.

ವೈರ್ ಇರುವುದನ್ನೇ ತೊಗೊಳ್ಳಿ. ವೈರ್‌ಲೆಸ್‌ನಲ್ಲಿ ನೀವು ಕೊಡುವ ದುಡ್ಡು ಬ್ಯಾಟರಿ, ಬ್ಲೂಟೂತ್ ಚಿಪ್, ಮೈಕ್ ಎಲ್ಲಕ್ಕೂ ಹಂಚಿಹೋಗುತ್ತದೆ, ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ. ಫೋನಿನಲ್ಲಿ 3.5 ಎಂಎಂ ಜ್ಯಾಕ್ ಇಲ್ಲದಿದ್ದರೆ ಯುಎಸ್‌ಬಿ-ಸಿ ಅಡಾಪ್ಟರ್ ಒಂದು ಸಾಕು. ಓಡಾಡುತ್ತಾ ಕೇಳಲೇಬೇಕು ಅಂದರೆ ಮಾತ್ರ ವೈರ್‌ಲೆಸ್.

ಡಬ್ಬಿಯ ಮೇಲಿನ ಅಂಕಿಗಳಲ್ಲಿ ಎರಡನ್ನು ಮಾತ್ರ ನೋಡಿ. ಒಂದು ಇಂಪೀಡೆನ್ಸ್, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ, ಓಮ್‌ಗಳಲ್ಲಿ ಇರುತ್ತದೆ. ಇನ್ನೊಂದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು, ಡೆಸಿಬೆಲ್‌ನಲ್ಲಿ. 16ರಿಂದ 60 ಓಮ್ ಇದ್ದು ಸೆನ್ಸಿಟಿವಿಟಿ 100ರ ಆಸುಪಾಸು ಇದ್ದರೆ ಫೋನಿಗೆ ಸಾಮಾನ್ಯವಾಗಿ ಹೊಂದುತ್ತದೆ. 250, 300 ಓಮ್ ಅಂದರೆ ಶಬ್ದಕ್ಕೆ ಬಲ ಕೊಡುವ ಬೇರೆ ಆಂಪ್ ಬೇಕಾಗಬಹುದು, ಅದಕ್ಕೆ ಮತ್ತೆ ಖರ್ಚು. ಒಂದೇ ಹೆಸರಿನ ಮಾಡೆಲ್ ಬೇರೆ ಬೇರೆ ಓಮ್‌ಗಳಲ್ಲಿ ಬರುವುದೂ ಉಂಟು. ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ 32, 80, 250 ಓಮ್ ಮೂರರಲ್ಲೂ ಬಂದಿದೆ. ಹೆಸರು ನೋಡಿ ಅವಸರದಲ್ಲಿ 250ರದ್ದು ತೊಗೊಂಡು, ಫೋನಿಗೆ ಹಾಕಿ, ಶಬ್ದವೇ ಸಾಲದು ಅಂತ ಒದ್ದಾಡಬೇಡಿ. "5ರಿಂದ 40,000 ಹರ್ಟ್ಜ್" ಅಂತ ದೊಡ್ಡದಾಗಿ ಬರೆದಿರುವುದಕ್ಕೆ ಮರುಳಾಗಬೇಡಿ. ಮನುಷ್ಯರ ಕಿವಿಗೆ ಕೇಳುವುದೇ ಸುಮಾರು 20ರಿಂದ 20,000, ವಯಸ್ಸಾದಂತೆ ಮೇಲಿನದು ಇನ್ನೂ ಕಡಿಮೆಯಾಗುತ್ತದೆ. ಡ್ರೈವರ್ (ಕಪ್ಪಿನೊಳಗಿನ ಪುಟ್ಟ ಸ್ಪೀಕರ್) 40 ಎಂಎಂ, 50 ಎಂಎಂ ಅನ್ನುವುದರಿಂದಲೂ ಶಬ್ದ ಹೇಗಿದೆ ಅಂತ ಗೊತ್ತಾಗುವುದಿಲ್ಲ.

ಕೇಳಿ ನೋಡಲು ಅವಕಾಶ ಸಿಕ್ಕರೆ, ನಿಮಗೆ ಬಾಯಿಪಾಠ ಆಗಿರುವ ಮೂರು ಟ್ರ್ಯಾಕ್ ಇಟ್ಟುಕೊಂಡು ಹೋಗಿ. ಒಂದರಲ್ಲಿ ಬರೀ ದನಿ ಮತ್ತು ತಂಬೂರಿ ಇರಲಿ. ಅದರಲ್ಲಿ 'ಸ', 'ಶ' ಬಂದಾಗಲೆಲ್ಲ ಗಮನ ಕೊಡಿ, ಕಿವಿಗೆ ಸೂಜಿ ಚುಚ್ಚಿದ ಹಾಗಾದರೆ 5000ದಿಂದ 8000 ಹರ್ಟ್ಜ್ ನಡುವೆ ಎಲ್ಲೋ ಜಾಸ್ತಿ ಇದೆ ಅಂತ ತಿಳಿಯಿರಿ, ಅಂಥದ್ದನ್ನು ಹಾಕಿಕೊಂಡು ಒಂದು ಗಂಟೆ ಕೂರಲು ಆಗುವುದಿಲ್ಲ. ಎರಡನೆಯದರಲ್ಲಿ ಬಾಸ್ ಗಿಟಾರ್, ಕಿಕ್ ಡ್ರಮ್ ಒಟ್ಟಿಗೆ ಇರಲಿ. ಬಾಸ್ ಗಿಟಾರಿನ ದಪ್ಪ ತಂತಿಯ ಸ್ವರ 41 ಹರ್ಟ್ಜ್ ಹತ್ತಿರ ಇರುತ್ತದೆ. ಅದೂ ಡ್ರಮ್ಮೂ ಬೇರೆ ಬೇರೆಯಾಗಿ ಕೇಳಬೇಕು, ಎರಡೂ ಸೇರಿ ಒಂದೇ ಮುದ್ದೆ ಆಗಬಾರದು. ಮೂರನೆಯದು ನಿಮ್ಮ ಮೆಟಲ್, ಎಲ್ಲ ವಾದ್ಯವೂ ಒಮ್ಮೆಗೇ ಮೇಲೆ ಬೀಳುವಂಥದ್ದು. ಎರಡು ಹೆಡ್‌ಫೋನ್ ಹೋಲಿಸುವಾಗ ಎರಡರ ಶಬ್ದವೂ ಒಂದೇ ಮಟ್ಟದಲ್ಲಿರಲಿ, ಯಾಕೆಂದರೆ ಸ್ವಲ್ಪ ಜೋರಾಗಿರುವುದು ಯಾವಾಗಲೂ ಹೆಚ್ಚು ಚೆಂದ ಅನ್ನಿಸಿಬಿಡುತ್ತದೆ.

ಕನ್ನಡಕ ಹಾಕುತ್ತೀರಾ? ನಾನು ಹಾಕುತ್ತೇನೆ. ಕಡ್ಡಿ ಇರುವ ಕಡೆ ಪ್ಯಾಡ್ ತಲೆಗೆ ಅಂಟುವುದಿಲ್ಲ, ಒಂದು ಎಳೆಯಷ್ಟು ಸಂದಿ ಉಳಿದರೂ ಬಾಸ್ ಅಲ್ಲಿಂದ ಸೋರಿಹೋಗುತ್ತದೆ. ಹಾಡು ನಡೆಯುತ್ತಿರುವಾಗ ಎರಡೂ ಕಪ್ಪನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಬಾಸ್ ಥಟ್ಟನೆ ತುಂಬಿಕೊಂಡರೆ ಆ ಹೆಡ್‌ಫೋನ್ ನಿಮ್ಮ ತಲೆಗೆ ಕೂರುತ್ತಿಲ್ಲ ಅಂತಲೇ ಅರ್ಥ, ಬೇರೆಯವರು ಎಷ್ಟೇ ಹೊಗಳಿದ್ದರೂ ಅದು ನಿಮಗೆ ಬೇಡ. ಮೆತ್ತನೆಯ, ದಪ್ಪ ಪ್ಯಾಡ್ ಇರುವುದನ್ನು ಹುಡುಕಿ.

ಹೆಸರು ಹೇಳಿ ಅಂದಿದ್ದೀರಿ. ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ40ಎಕ್ಸ್ ನಿಮ್ಮ ಬಗೆಬಗೆಯ ರುಚಿಗೆ ಹೊಂದುತ್ತದೆ. ಕ್ಲೋಸ್ಡ್, 35 ಓಮ್, ಕೇಬಲ್ ಬಿಚ್ಚಿ ಬದಲಾಯಿಸಬಹುದು, ಶಬ್ದ ಹೆಚ್ಚುಕಡಿಮೆ ಸಮ. ಸೋನಿ ಎಂಡಿಆರ್-7506 1991ರಿಂದ ಸ್ಟುಡಿಯೋಗಳಲ್ಲಿ ಇದೆ, ಮಡಚಬಹುದು, ದನಿ ತುಂಬಾ ಸ್ಪಷ್ಟ. ಆದರೆ ಮೇಲಿನ ಭಾಗ ಸ್ವಲ್ಪ ಚೂಪು, ಕೇಬಲ್ ಸುರುಳಿಯದು, ಬಿಚ್ಚಲು ಬರುವುದಿಲ್ಲ. ಇನ್ನೂ ಕಡಿಮೆ ದುಡ್ಡಿನಲ್ಲಿ ಆಗಬೇಕು, ನಿಶ್ಶಬ್ದವಾದ ಜಾಗ ಇದೆ ಅಂದರೆ 1984ರಲ್ಲಿ ಬಂದು ಇವತ್ತಿಗೂ ಮಾರಾಟದಲ್ಲಿರುವ ಕಾಸ್ ಪೋರ್ಟಾ ಪ್ರೋ ನೋಡಿ, ಓಪನ್ ಬ್ಯಾಕ್, ಕಿವಿಯ ಮೇಲೆ ಕೂರುವಂಥದ್ದು, ಹಗುರ. ಅದು ತುಸು ಬಾಸ್ ಕಡೆ ವಾಲುತ್ತದೆ, ಆದರೂ ದನಿ ಮುಚ್ಚಿಹೋಗುವುದಿಲ್ಲ. ನನ್ನ ಮೊದಲ ಆಯ್ಕೆ ಎಂ40ಎಕ್ಸ್.

ಮೆಟಲ್ ಕೇಳುವಾಗ ವಾಲ್ಯೂಮ್ ಗೊತ್ತಿಲ್ಲದ ಹಾಗೆ ಏರುತ್ತದೆ, ದಯವಿಟ್ಟು ಅದರ ಮೇಲೆ ಒಂದು ಕಣ್ಣಿಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬೆಲ್‌ನಲ್ಲಿ ವಾರಕ್ಕೆ ಹೆಚ್ಚೆಂದರೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಗಂಟೆ ಅರ್ಧಕ್ಕೆ ಇಳಿಯುತ್ತದೆ.

ಕೊನೆಗೆ, ಯಾವುದನ್ನೇ ಆರಿಸಿ, ಅದಕ್ಕೆ ಪ್ಯಾಡ್ ಬಿಡಿಯಾಗಿ ಸಿಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಬೆವರಿಗೆ ಪ್ಯಾಡಿನ ಕಪ್ಪು ಪದರ ಎದ್ದು ಕಿವಿಗೆ ಅಂಟಿಕೊಳ್ಳಲು ಶುರುವಾದಾಗ, ಒಳಗಿನ ಸ್ಪಂಜು ಕುಸಿದು ಶಬ್ದವೂ ಬದಲಾಗಿರುತ್ತದೆ. ನನ್ನ ಈಗಿನದ್ದಕ್ಕೆ ಎರಡು ಸಲ ಪ್ಯಾಡ್ ಬದಲಾಯಿಸಿದ್ದೇನೆ, ಹಾಕಿದ ದಿನವೇ ಬಾಸ್ ಮತ್ತೆ ಮೊದಲಿನ ಹಾಗಾಯಿತು.