ಒಣಗಿಸಿದ ಹಲಸಿನ ಸೊಳೆ ಅಂಟಾಗುವುದು ಯಾಕೆ?

ಡಿಹೈಡ್ರೇಟರಿನಲ್ಲಿ 70 ಡಿಗ್ರಿಗೆ ಒಣಗಿಸಿದ ಹಲಸಿನ ಸೊಳೆ ಡಬ್ಬಿಯಲ್ಲಿ ಎರಡೇ ದಿನಕ್ಕೆ ಅಂಟಂಟಾಯಿತು ಅಂದಿರಲ್ಲ, ಬೇಜಾರು ಬೇಡ, ಮೆಷಿನ್ ಕೆಟ್ಟಿಲ್ಲ. ಶುರುವಿನಲ್ಲೇ ಬಿಸಿ ಜಾಸ್ತಿಯಾದರೆ ಹೊರಮೈ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ. 57 ಡಿಗ್ರಿ ಸಾಕು. ಗಟ್ಟಿ ಸೊಳೆಯ ಬಕ್ಕೆ ಹಲಸೇ ತಗೊಳ್ಳಿ, ಮೆತ್ತಗೆ ಲೋಳೆಯಾಗಿರುವ ತುಳುವ ಬೇಡ. ಸೊಳೆಯನ್ನು ಉದ್ದಕ್ಕೆ ಸೀಳಿ, ಒಂದಕ್ಕೊಂದು ತಾಗದ ಹಾಗೆ ಹರಡಿ.

ಇಷ್ಟೇ ಗಂಟೆ ಅಂತ ನಂಬಬೇಡಿ. ಒಂದು ತುಂಡು ತಣಿಸಿ, ಹರಿದು ಹಿಂಡಿ ನೋಡಿ. ಹರಿದ ಕಡೆ ನೀರಿನ ಮಣಿ ಕಂಡರೆ ಇನ್ನೂ ಆಗಿಲ್ಲ. ನಮ್ಮ ಉಡುಪಿಯ ಆಟಿ ತಿಂಗಳ ಮಳೆಯಲ್ಲಿ ಸುಮ್ನೆ ತಟ್ಟೆಯಲ್ಲಿ ಬಿಟ್ಟರೂ ಗಾಳಿಯ ತೇವ ಹೀರಿಬಿಡುತ್ತದೆ, ಅಲ್ವಾ? ತಣಿದ ಕೂಡಲೇ ಗಾಜಿನ ಭರಣಿಗೆ ಸಡಿಲವಾಗಿ ತುಂಬಿಸಿ, ಮುಚ್ಚಿ, ಒಂದು ವಾರ ದಿನಾ ಅಲುಗಾಡಿಸಿ. ಗಾಜಿನ ಒಳಗೆ ಬೆವರು ಕಂಡರೆ ಪುನಃ ಒಣಗಿಸಿ.