ಬೋರಿಂಗ್ ಆಗಿ ಬಂದ ಅಂಬಾಸಿಡರ್ ಎಂಜಿನ್ನನ್ನು ಮನೆಯಲ್ಲೇ ಜೋಡಿಸಬಹುದೇ?

ತಂದೆಯವರ ಕಾಲದ 1489 ಸಿಸಿ ಅಂಬಾಸಿಡರ್ ಎಂಜಿನ್ನನ್ನು ಬಿಚ್ಚಿ, ಬ್ಲಾಕಿಗೆ ಬೋರಿಂಗ್ (ಸವೆದ ಸಿಲಿಂಡರುಗಳನ್ನು ಕೊರೆದು ಸಮ ಮಾಡುವುದು), ಕ್ರ್ಯಾಂಕಿಗೆ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಿಗೆ) ಗ್ರೈಂಡಿಂಗ್ ಮಾಡಿಸಿ ತಂದಿದ್ದೀರಿ. ಜೋಡಿಸಿ ಕೂರಿಸುವ ಕೆಲಸವನ್ನು ಮನೆಯ ಪೋರ್ಟಿಕೋದಲ್ಲೇ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಮೈಸೂರಿನ ನಮ್ಮ ಮನೆಯಲ್ಲಿ ನಾನು ಇದೇ ಬಗೆಯ ಎಂಜಿನ್ನೊಂದನ್ನು ಎರಡು ಸಲ ಜೋಡಿಸಿದ್ದೇನೆ. ಎರಡನೆಯ ಸಲಕ್ಕೆ ಮೊದಲ ಸಲದ ಆತುರವೇ ಕಾರಣ.

ಬೋರಿಂಗ್ ಅಂಗಡಿಯವರು ತೊಳೆದೇ ಕೊಟ್ಟಿರುತ್ತಾರೆಂದು ನಂಬಿ, ಬ್ಲಾಕನ್ನು ಒರೆಸಿ ಜೋಡಿಸಿಬಿಟ್ಟಿದ್ದೆ. ಕೆಲವೇ ವಾರಗಳಲ್ಲಿ ಆಯಿಲ್ ಪ್ರೆಶರ್ ಇಳಿಯಿತು. ಸಂಪ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಬಿಚ್ಚಿ ನೋಡಿದರೆ ಹೊಸ ಬೇರಿಂಗುಗಳ ಮೇಲೆ ಉಗುರು ತಡೆಯುವಷ್ಟು ಆಳದ ಗೀರುಗಳು. ಕ್ರ್ಯಾಂಕಿನ ಒಳಗಿನ ಆಯಿಲ್ ದಾರಿಯಲ್ಲಿ ಗ್ರೈಂಡಿಂಗ್ ಪುಡಿ ಉಳಿದಿತ್ತು. ಆದ್ದರಿಂದ ಆ ದಾರಿಗಳಿಗೆಲ್ಲ ಸಣ್ಣ ಬ್ರಷ್ ತೂರಿಸಿ ಸೀಮೆಎಣ್ಣೆಯಲ್ಲಿ ಉಜ್ಜಿ, ಗಾಳಿ ಹೊಡೆಯಿರಿ. ಸಿಲಿಂಡರುಗಳನ್ನು ಬಿಸಿನೀರು, ಸೋಪಿನಿಂದ ತೊಳೆದು, ಎಣ್ಣೆಯಲ್ಲಿ ಅದ್ದಿದ ಬಿಳಿ ಪಂಚೆಯ ತುಂಡಿನಿಂದ ಒರೆಸಿ. ಬಟ್ಟೆಗೆ ಬೂದು ಬಣ್ಣ ಹತ್ತುವುದು ನಿಲ್ಲುವವರೆಗೂ ತೊಳೆಯುವುದು ಮುಗಿದಿಲ್ಲವೆಂದೇ ತಿಳಿಯಿರಿ. ನನಗೆ ಎರಡನೆಯ ಸಲ ಇದಕ್ಕೇ ಒಂದು ಇಡೀ ದಿನ ಹಿಡಿಯಿತು.

ಜೋಡಿಸುವಾಗ ನಾನು ಪಾಲಿಸುವ ನಿಯಮ ಒಂದೇ: ಪ್ರತಿ ಹಂತದ ನಂತರ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡುವುದು. ಇದರಲ್ಲಿ ಮೇನ್ ಬೇರಿಂಗುಗಳು ಮೂರೇ ಇರುವುದರಿಂದ, ಒಂದು ಕ್ಯಾಪ್ ಬಿಗಿದು ತಿರುಗಿಸಿ, ಇನ್ನೊಂದು ಬಿಗಿದು ತಿರುಗಿಸಿ ನೋಡಿದರೆ ಎಲ್ಲಿ ಹಿಡಿಯುತ್ತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಎಲ್ಲವನ್ನೂ ಬಿಗಿದ ಮೇಲೆ ಹುಡುಕುವುದು ತಲೆನೋವು. ಕ್ರ್ಯಾಂಕು ಹಿಂದೆಮುಂದೆ ಸರಿಯದಂತೆ ತಡೆಯುವ, ನಡುವಿನ ಬೇರಿಂಗಿನ ಥ್ರಸ್ಟ್ ವಾಷರುಗಳಲ್ಲಿ ಎಣ್ಣೆ ಹರಿಯುವ ಗೀರುಗಳು ಕ್ರ್ಯಾಂಕಿನ ಕಡೆಗೆ ಮುಖ ಮಾಡಿರಬೇಕು. ಕನೆಕ್ಟಿಂಗ್ ರಾಡಿನ ಕ್ಯಾಪುಗಳನ್ನು ಅದಲುಬದಲು ಮಾಡಬೇಡಿ. ಬೋಲ್ಟು ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್ ಸ್ವಂತದ್ದಿಲ್ಲದಿದ್ದರೆ ಎರವಲಾದರೂ ತನ್ನಿ. ಕೈ ಅಂದಾಜು ಇಲ್ಲಿ ಸಲ್ಲದು.

ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸಲು ಸುಲಭದ ಲೆಕ್ಕವೊಂದಿದೆ. ಎಂಟು ವಾಲ್ವುಗಳನ್ನು ಮುಂದಿನಿಂದ ಎಣಿಸಿಕೊಳ್ಳಿ. ಪೂರ್ತಿ ತೆರೆದಿರುವ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಈಗ ಹೊಂದಿಸಬೇಕಾದ ವಾಲ್ವು ಸಿಗುತ್ತದೆ. ಎಂಟನೆಯದು ತೆರೆದಿದ್ದರೆ ಒಂದನೆಯದು, ಆರನೆಯದು ತೆರೆದಿದ್ದರೆ ಮೂರನೆಯದು. ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, 0.015 ಇಂಚಿನದು ಸಾಕು. ಪ್ಲಗ್ ವೈರುಗಳ ಕ್ರಮ 1-3-4-2.

ಕೂರಿಸುವ ಕೆಲಸಕ್ಕೆ ಚೈನ್ ಬ್ಲಾಕನ್ನು ಮುಕ್ಕಾಲಿ ಸಮೇತ ಬಾಡಿಗೆಗೆ ತನ್ನಿ. ಪೋರ್ಟಿಕೋದ ತೊಲೆಯನ್ನು ನಂಬಬೇಡಿ. ಗೇರ್‌ಬಾಕ್ಸ್ ಗಾಡಿಯಲ್ಲೇ ಉಳಿದಿದ್ದರೆ ಅದರ ಕೆಳಗೆ ಜಾಕ್ ಕೊಟ್ಟು, ಕ್ಲಚ್ ಪ್ಲೇಟನ್ನು ಹಳೆಯ ಗೇರ್‌ಬಾಕ್ಸ್ ಶಾಫ್ಟಿನಿಂದ ನಡುಮಧ್ಯಕ್ಕೆ ಹೊಂದಿಸಿಕೊಂಡ ಮೇಲೆಯೇ ಎಂಜಿನ್ ಇಳಿಸಿ. ಎರಡರ ನಡುವೆ ಬೆರಳಗಲ ಅಂತರ ಉಳಿದರೆ ಬೋಲ್ಟುಗಳಿಂದ ಎಳೆದು ಸೇರಿಸಬೇಡಿ. ಗೇರಿಗೆ ಹಾಕಿ ಒಬ್ಬರು ಪುಲ್ಲಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದರೆ ಶಾಫ್ಟು ತಾನಾಗಿಯೇ ಕ್ಲಚ್ಚಿನೊಳಗೆ ಜಾರುತ್ತದೆ. ಎಂಜಿನ್ನಿನ ಭಾರ ಮಾತ್ರ ಒಂದು ಕ್ಷಣವೂ ಆ ಶಾಫ್ಟಿನ ಮೇಲೆ ಬೀಳಕೂಡದು.

ಮೊದಲ ಸ್ಟಾರ್ಟಿಗೆ ಮುಂಚೆ ಪ್ಲಗ್ಗುಗಳನ್ನು ತೆಗೆದು, ಆಯಿಲ್ ಪ್ರೆಶರ್ ಕಾಣುವವರೆಗೆ ಸ್ವಲ್ಪ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯಿರಿ. ಆಯಿಲ್ ಪಂಪನ್ನು ಜೋಡಿಸುವಾಗಲೇ ಒಳಗೆ ವ್ಯಾಸಲಿನ್ ತುಂಬಿದ್ದರೆ ಅದು ಬೇಗ ಎಣ್ಣೆ ಹಿಡಿಯುತ್ತದೆ. ಇಷ್ಟೆಲ್ಲ ಆದ ಮೇಲೂ ಎಂಜಿನ್ನಿನ ಹಿಂಭಾಗದಿಂದ ಒಂದೆರಡು ತೊಟ್ಟು ಆಯಿಲ್ ಸೋರಿದರೆ ಗಾಬರಿಯಾಗಬೇಡಿ. ಇದರ ಕ್ರ್ಯಾಂಕಿನ ಹಿಂದೆ ರಬ್ಬರ್ ಸೀಲ್ ಇಲ್ಲ, ಆಯಿಲನ್ನು ಒಳಕ್ಕೆ ತಳ್ಳುವ, ಸ್ಕ್ರೂವಿನ ಸುತ್ತಿನಂಥ ಗೀರು ಮಾತ್ರ ಇದೆ. ಕೆಳಗೆ ಒಂದು ತಟ್ಟೆ ಇಡಿ. ಅಷ್ಟಕ್ಕಾಗಿ ಮತ್ತೆ ಎಂಜಿನ್ ಇಳಿಸಬೇಕಾಗಿಲ್ಲ.